ಕೋಟೆಗುಡ್ಡದ ಉರ್ಶೂಲೆ

ಉರ್ಶೂಲೆಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹುಟ್ಟುಕಿವುಡೇನಲ್ಲ. ಗಂಡ ಅಲ್ಫೋನ್ಸಸ್ ಒಮ್ಮೆ ದೋಣಿಯ ಹುಟ್ಟಿನಿಂದಲೇ ಬಾರಿಸಿದ್ದ. ಬಲೆಗೆ ಮೀನು ಬೀಳದ ದಿನ ಆ ಸಿಟ್ಟಿಗೆ ಹೊಡೆತ. ಬಿದ್ದ ದಿನ ಕುಡಿದ ಅಮಲಿಗೆ ಹೊಡೆತ. ಕೊನೆಗೊಂದು ಚಳಿಗಾಲದ ತುದಿಯಲ್ಲಿ, ತೆಳುವಾಗಿದ್ದ ಮಂಜುಗಡ್ಡೆ ಒಡೆದು ಅವನು ಸರೋವರದ ಪಾಲಾದ. ಸಮಾಧಾನ ಹೇಳಲು ಬಂದ ಹೆಂಗಸರಿಗೆ ಉರ್ಶೂಲೆ ಆಲೂಗಡ್ಡೆ ಸುಲಿಯುತ್ತಲೇ, "ಅಳು ಬರ್ತಿಲ್ಲ ಕಣ್ರೇ, ನಾನೇನ್ ಮಾಡ್ಲಿ?" ಅಂದಿದ್ದಳು.

ಆಮೇಲೆ ಉಳಿದದ್ದು ಆಡುಗಳು, ಮಾರ್ಗಿಸ್ ಎಂಬ ಕಂದು ನಾಯಿ, ಮನೆಯ ಬೆನ್ನಿಗೇ ಎದ್ದು ನಿಂತಿದ್ದ ಕೋಟೆಗುಡ್ಡ. ಬಹಳ ಹಿಂದೆ ಅದರ ನೆತ್ತಿಯಲ್ಲಿ ಮರದ ಗೋಡೆ ಕಟ್ಟಿಕೊಂಡು ಜನ ಬಾಳಿದ್ದರು. ಯಾರೋ ಬಂದು ಗೋಡೆ ಸುಟ್ಟು, ಒಳಗಿದ್ದವರನ್ನು ಕಡಿದುಹಾಕಿದ್ದರು. ಅಲ್ಲಿ ಎಲ್ಲಿ ಕೆದಕಿದರೂ ಈಗಲೂ ಇದ್ದಿಲು ಸಿಗುತ್ತಿತ್ತು. ಭಾನುವಾರಗಳಲ್ಲಿ ಪಟ್ಟಣದವರು ಹತ್ತಿ ಬಂದು, ಕೆಳಗಿನ ನೀಲಿ ನೀರು ನೋಡಿ, ಬುತ್ತಿ ಬಿಚ್ಚಿ ತಿಂದು ಇಳಿಯುತ್ತಿದ್ದರು.

ನಡುಬೇಸಿಗೆಯ ಸಂತ ಜಾನನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮೂವರು ಗಂಡಸರು ವ್ಯಾನಿನಲ್ಲಿ ಬಂದರು. ಅವರಲ್ಲಿ ಎತ್ತರದವನ ಹೆಸರು ರೋಲಾಂದಸ್.

"ಅಜ್ಜಿ, ಕೋಟೆ ನೋಡೋಕೆ ಬಂದ್ವಿ. ಕುಡಿಯೋಕೆ ಏನಾದ್ರೂ ಕೊಡ್ತೀರಾ?"

ಉರ್ಶೂಲೆ ರೊಟ್ಟಿ ಹುಳಿಬರಿಸಿ ಮಾಡಿದ ತಂಪು ಪಾನೀಯ ಕೊಟ್ಟಳು. ಕುಡಿದು, ಚೀಲಗಳನ್ನು ಹೆಗಲಿಗೇರಿಸಿಕೊಂಡು ಹತ್ತಿದರು. ಅವಳು ಉದ್ದ ಹಿಡಿಯ ಕುಡುಗೋಲು ತೆಗೆದುಕೊಂಡು ಗುಡ್ಡದ ಬುಡದಲ್ಲಿ ಹುಲ್ಲು ಕೊಯ್ಯತೊಡಗಿದಳು.

ಹೊತ್ತು ನೆತ್ತಿಗೇರುವಾಗ, ಅವರ ಬೆನ್ನು ಹತ್ತಿ ಹೋಗಿದ್ದ ಮಾರ್ಗಿಸ್ ಮೇಲೆ ಬೊಗಳಿತು. ಒಮ್ಮೆ ಕುಂಯ್ಯೆಂದಿತು. ಮತ್ತೆ ಸದ್ದಿಲ್ಲ.

ಅವಳು ಕುಡುಗೋಲಿನ ಸಮೇತ ಹತ್ತಿದಳು. ನೆತ್ತಿಯ ತುಂಬ ಹೊಂಡಗಳು. ಒಬ್ಬನ ಕೈಯಲ್ಲಿ ಲೋಹ ಪತ್ತೆಹಚ್ಚುವ ಯಂತ್ರ. ಹೊಂಡದಿಂದೆತ್ತಿದ ಮನುಷ್ಯರ ಮೂಳೆಗಳು ಸೌದೆಚೂರಿನಂತೆ ಚೆಲ್ಲಾಡಿದ್ದವು. ಪಕ್ಕದಲ್ಲಿ ತಲೆ ಸೀಳಿಹೋದ ನಾಯಿ. ರೋಲಾಂದಸನ ಸಲಿಕೆಗೆ ರಕ್ತ ಮೆತ್ತಿತ್ತು.

"ಕಚ್ಚೋಕ್ ಬಂತು, ಹೊಡೆದೆ. ನೀನು ಕೆಳಗ್ಹೋಗಿ ಸುಮ್ನೆ ಕೂತ್ಕೋ ಮುದುಕಿ."

"ಆ ಮೂಳೆ ನಿಮ್ಮಪ್ಪಂದಾಗಿದ್ರೆ ಹಿಂಗೇ ಎಸೀತಿದ್ಯೇನೋ?"

ಇನ್ನೊಬ್ಬ ಮಣ್ಣು ಮೆತ್ತಿದ ಬಳೆಯೊಂದನ್ನು ಎತ್ತಿ ತೋರಿಸಿ ನಕ್ಕ. "ಸತ್ತೋರ್ಗೆ ಬೆಳ್ಳಿ ಬಳೆ ಯಾಕಜ್ಜಿ? ನೀನ್ ಹಾಕ್ಕೋತೀಯಾ ಒಂದು?"

"ನಿನ್ನ ಹೆಣಕ್ಕೆ ಹಾಕ್ತೀನಿ, ಕೊಡೋ!"

ರೋಲಾಂದಸ್ ನಗಲಿಲ್ಲ. ನೆಟ್ಟಗೆ ಬಂದು ಅವಳ ಮುಖಕ್ಕೆ ಗುದ್ದಿದ. ಬಾಯೊಳಗೆ ಹಲ್ಲು ಮುರಿಯಿತು. ಬಿದ್ದವಳ ಪಕ್ಕೆಗೆ ಬೂಟಿನಿಂದ ಒದ್ದ, ಮತ್ತೆ ಒದ್ದ. ಒಳಗೇನೋ ಲಟಕ್ಕೆಂದಿತು. ಉಸಿರು ನಿಂತಂತಾಯಿತು. ಮಣ್ಣಿನಲ್ಲಿ ತಡಕಾಡಿದ ಕೈಗೆ ಕುಡುಗೋಲಿನ ಹಿಡಿ ಸಿಕ್ಕಿತು. ಮಲಗಿದ್ದಂತೆಯೇ, ಹುಲ್ಲು ಕೊಯ್ಯುವ ಹಾಗೆ, ನೆಲಕ್ಕೆ ಸಮನಾಗಿ ಬೀಸಿದಳು. ಅಲಗು ಅವನ ಮೊಣಕಾಲಿನ ಹಿಂದೆ ಹೊಕ್ಕು ಮೂಳೆಗೆ ತಾಗಿ ನಿಂತಿತು.

ರಕ್ತ ಚಿಲ್ಲೆಂದು ಹಾರಿತು. ಉಳಿದಿಬ್ಬರು ಅದನ್ನು ನೋಡಿದವರೇ ಚೀಲ ಬಾಚಿಕೊಂಡು ಓಡಿದರು.

"ಲೋ, ಬಿಟ್ಟೋಗ್ಬೇಡ್ರೋ!" ಎಂದು ಅವನು ಅರಚಿದ. ಕೆಳಗೆ ವ್ಯಾನು ಹೊರಟುಹೋಯಿತು.

ಉರ್ಶೂಲೆ ಎದ್ದು ನಿಂತು ಕುಡುಗೋಲು ಮತ್ತೆ ಎತ್ತಿದಳು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕತ್ತು ಬರಿದಾಗಿ ಕಾಣುತ್ತಿತ್ತು. ಕಡಿಯಬೇಕೆಂಬ ಆಸೆ ಅವಳ ತೋಳಿನಲ್ಲಿ ತುಂಬಿಕೊಂಡಿತ್ತು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕುಡುಗೋಲು ಬಿಸಾಡಿ, ತಲೆವಸ್ತ್ರ ಬಿಚ್ಚಿ ಅವನ ತೊಡೆಗೆ ಬಿಗಿದು, ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಿದಳು. ಅಂಗಿಯ ಕತ್ತುಪಟ್ಟಿ ಹಿಡಿದು ಇಳಿಜಾರಿನಲ್ಲಿ ಎಳೆದುಕೊಂಡು ಹೊರಟಳು.

"ಅಜ್ಜಿ, ಮೆಲ್ಲಗೆ... ಸಾಯ್ತೀನಿ!"

"ಕಿರುಚ್ಕೋ. ನಂಗೊಂದು ಕಿವಿ ಕೇಳ್ಸಲ್ಲ."

ನೆರೆಯ ಜೆನೋನಸ್ ಟ್ರ್ಯಾಕ್ಟರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಒಯ್ದ. ದಾರಿಯಲ್ಲಿ, "ಇವನ್ನ ಕಂಡು ಪಾಪ ಅನ್ನಿಸ್ತೇನಕ್ಕಾ?" ಎಂದು ಕೇಳಿದ.

"ಪಾಪವೂ ಇಲ್ಲ, ಗೀಪವೂ ಇಲ್ಲ. ಅಲ್ಲೇ ಸತ್ತಿದ್ರೆ ಆ ಹಳಬರ ಪಕ್ಕದಲ್ಲಿ ಇವನೂ ಮಲಗ್ತಿದ್ದ. ಅದು ಬೇಡ ಅನ್ನಿಸ್ತು."

ರೋಲಾಂದಸ್ ಬದುಕಿದ. ಕಾಲು ಮಾತ್ರ ಮತ್ತೆ ಮಡಚಲು ಬರಲಿಲ್ಲ. ಬಿಟ್ಟೋಡಿದವರ ಮೇಲಿನ ರೊಚ್ಚಿಗೆ ಇಬ್ಬರ ಹೆಸರನ್ನೂ ಪೊಲೀಸರಿಗೆ ಹೇಳಿದ. ಮೂವರೂ ಜೈಲು ಸೇರಿದರು.

ಎಲೆ ಉದುರುವ ಕಾಲಕ್ಕೆ ಅವನ ತಾಯಿ ಬಸ್ಸಿನಲ್ಲಿ ಬಂದಳು. ಅಂಗಳಕ್ಕೆ ಕಾಲಿಡುತ್ತಲೇ ಉರ್ಶೂಲೆಯ ಕೆನ್ನೆಗೆ ಬಾರಿಸಿದಳು.

"ನನ್ನ ಮಗನ್ನ ಕುಂಟ ಮಾಡಿದ್ಯಲ್ಲೇ ರಾಕ್ಷಸಿ!"

ಉರ್ಶೂಲೆ ಅವಳ ಮಣಿಕಟ್ಟು ಹಿಡಿದು, ಅವಳು ಮೊಣಕಾಲೂರುವ ತನಕ ತಿರುಚಿದಳು. "ಇನ್ನೊಂದ್ ಸಲ ಕೈಯೆತ್ತಿದ್ರೆ ಮುರಿದುಹಾಕ್ತೀನಿ. ನಿನ್ನ ಮಗನ್ನ ಕೇಳು, ನಂಗೇನ್ ಮಾಡ್ದ ಅಂತ."

"ಕೇಳ್ದೆ," ಎಂದಳು ಆಕೆ ನೆಲ ನೋಡುತ್ತ. "ಎಲ್ಲಾ ಹೇಳ್ದ."

ಉರ್ಶೂಲೆ ಕೈ ಬಿಟ್ಟಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಜಾಗ ನೋಡಬೇಕೆಂದಳು ತಾಯಿ. ಇಬ್ಬರೂ ಗುಡ್ಡ ಹತ್ತಿದರು. ಮೂಳೆಗಳನ್ನು ಮತ್ತೆ ಹೂತು ಹೊಂಡಗಳನ್ನು ಮುಚ್ಚಿಯಾಗಿತ್ತು, ಹುಲ್ಲಿನ್ನೂ ಚಿಗುರಿರಲಿಲ್ಲ. ಆ ಹೆಂಗಸು ಬೋಳು ನೆಲದ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಉರ್ಶೂಲೆ ಸಮಾಧಾನ ಹೇಳಲಿಲ್ಲ, ಬಿಟ್ಟು ಇಳಿಯಲೂ ಇಲ್ಲ. ಸರೋವರದ ಕಡೆಯಿಂದ ಗಾಳಿ ಜೋರಾದಾಗ, "ಚಳಿ ಶುರುವಾಯ್ತು, ನಡಿ," ಎಂದು ಅವಳ ತೋಳು ಹಿಡಿದು ಇಳಿಸಿದಳು.