ಮಾವನವರ ಮಧ್ಯಾಹ್ನದ ಪಂದ್ಯಗಳು

ಪಂದ್ಯ ನಡೆಯುವಾಗ ನಮ್ಮ ಮಾವನವರು ಲ್ಯಾಪ್‌ಟಾಪಿನ ಕಡೆ ಮುಖ ಮಾಡುತ್ತಿರಲಿಲ್ಲ, ಬಲಗಿವಿ ಮಾಡುತ್ತಿದ್ದರು. ಬಿಳಿ ಕೂದಲು ಹೊರಚಾಚಿದ ದೊಡ್ಡ ಕಿವಿ ಅದು. ಕತ್ತು ತುಸು ವಾಲಿಸಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಸ್ಟೀಲಿನ ತಾಟು ಇಟ್ಟುಕೊಂಡು ಕೂರುತ್ತಿದ್ದರು. ತಾಟಿನಲ್ಲಿ ಹನ್ನೊಂದು ಒಣದ್ರಾಕ್ಷಿ. ನಾನು ಓದಿ ಹೇಳಿದಂತೆ ಅವರ ತೋರುಬೆರಳು ಒಂದು ದ್ರಾಕ್ಷಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಮೊದಲು ಹುಣಸೆಬೀಜ ಇಟ್ಟು ನೋಡಿದ್ದೆವು. "ಇವು ಉರುಳತಾವ, ಹೇಳಿದ ಜಾಗಾದಾಗ ನಿಂದರೂದಿಲ್ಲ. ದ್ರಾಕ್ಷಿ ತಗೊಂಡ ಬಾರವಾ, ಅವು ಅಂಟಕೊಂಡ ಕೂಡತಾವ" ಎಂದಿದ್ದರು. ಕಾಗವಾಡದ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಮನೆಯಲ್ಲಿ ಆಟಗಾರರಿಗೆ ಬರ ಇರಲಿಲ್ಲ.

ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು. ನಾನು ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಅವರಿಗೆ ಕಾಣುತ್ತಿತ್ತು. ವಯಸ್ಸಿನಲ್ಲಿದ್ದಾಗ ಕೊಲ್ಹಾಪುರದಲ್ಲಿ ಕಾಲೇಜು ಓದಿದವರು. ಅಲ್ಲಿ ಪೇಟೆಗೊಂದು ತಾಲೀಮು, ಅಂದರೆ ಗರಡಿಮನೆ, ತಾಲೀಮಿಗೊಂದು ಫುಟ್‌ಬಾಲ್ ತಂಡ. ಅಂಥ ಒಂದು ತಂಡದಲ್ಲಿ ಕೆಲವು ವರ್ಷ ಆಡಿದ್ದರಂತೆ. ಅವರ ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ತೋಟ ಹಿಡಿದರು. ಇಷ್ಟನ್ನೂ ನನಗೆ ಹೇಳಿದವರು ನಮ್ಮ ಮನೆಯವರು. ಮಾವನವರು ತಮ್ಮ ಆಟದ ಬಗ್ಗೆ ತಾವಾಗಿ ಮಾತೆತ್ತಿದ್ದು ನಾನು ಕೇಳಿಲ್ಲ.

ಮದುವೆಯಾದ ಎರಡನೆಯ ವರ್ಷ, ಏಳು ತಿಂಗಳು ತುಂಬಿದ್ದಾಗ ನನ್ನ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಮಿರಜಿನ ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾತು ಬಿಟ್ಟೆ. ಬಿಡಬೇಕೆಂದು ಬಿಟ್ಟದ್ದಲ್ಲ. ಏನು ಹೇಳಲಿಕ್ಕೆ ಹೋದರೂ ಅಷ್ಟು ದೂರ ಯಾರು ನಡೆಯಬೇಕು ಅನ್ನಿಸಿ ಸುಮ್ಮನಾಗುತ್ತಿದ್ದೆ. ಅತ್ತೆ ಹೊತ್ತುಹೊತ್ತಿಗೆ ಊಟ ತಂದಿಟ್ಟು, ತಲೆಗೆ ಎಣ್ಣೆ ಒತ್ತಿ ಹೋಗುತ್ತಿದ್ದರು. ನಿಪ್ಪಾಣಿಯಿಂದ ಬಂದ ನನ್ನ ಅವ್ವ ಎಂಟು ದಿನ ಇದ್ದು, ಅತ್ತು, ಹೋದಳು. ಆ ಮಗುವಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದರೆ ನನಗೆ ನೋವಾದೀತೆಂದು ಎಲ್ಲರೂ ನನ್ನನ್ನು ಸುತ್ತುಬಳಸಿ ಓಡಾಡುತ್ತಿದ್ದರು.

ನಮ್ಮ ಮನೆಯವರಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಫುಟ್‌ಬಾಲ್ ಆಟದ ಹುಚ್ಚು. ಅದರಲ್ಲಿ ನಾವು ಚೆಂಡು ಒದೆಯುವುದಿಲ್ಲ, ತಂಡದ ಮ್ಯಾನೇಜರ್ ಆಗುತ್ತೇವೆ. ಯಾರನ್ನು ಆಡಿಸಬೇಕು, ಎಲ್ಲಿ ನಿಲ್ಲಿಸಬೇಕು, ಹೇಗೆ ಆಡಬೇಕು ಎಂದು ಹೇಳಿಕೊಟ್ಟು ಪಂದ್ಯ ಶುರು ಮಾಡಬೇಕು. ಉಳಿದದ್ದನ್ನು ಪರದೆಯ ಮೇಲೆ ಓಡಾಡುವ ಬಣ್ಣದ ಚುಕ್ಕೆಗಳು ನೋಡಿಕೊಳ್ಳುತ್ತವೆ. ಕೆಳಗೆ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ವಿವರಣೆ ಬರುತ್ತದೆ. ಇವರು ಯಾವುದೋ ಸಣ್ಣ ಊರಿನ ಬಡ ತಂಡ ಆರಿಸಿಕೊಂಡು ಒಂದರ ಮೇಲೊಂದು ಸೋಲುತ್ತಿದ್ದರು. ಅಷ್ಟರಲ್ಲಿ ತೋಟದಲ್ಲಿ ಚಾಟ್ನಿ ಬಂತು. ಬಳ್ಳಿ ಕತ್ತರಿಸುವ ಆ ದಿನಗಳಲ್ಲಿ ಇವರಿಗೆ ಮನೆಗೆ ಬಂದು ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಲ್ಯಾಪ್‌ಟಾಪು ಪಡಸಾಲೆಯ ಮೇಜಿನ ಮೇಲೆ ಬಿದ್ದಿತ್ತು.

ಒಂದು ಮಧ್ಯಾಹ್ನ ಮಾವನವರು ಗೋಡೆ ಮುಟ್ಟಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ತಂಗಿ, ನಿನ್ನ ಗಂಡ ಆ ತಂಡದ ಸತ್ಯಾನಾಶ ಮಾಡ್ಯಾನ. ನನಗ ಕಾಣೂದಿಲ್ಲ. ಏನ ನಡದೈತಿ ಅಂತ ನೀ ಓದಿ ಹೇಳತಿ ಏನು?"

"ನನಗ ಫುಟ್‌ಬಾಲ್ ತಿಳಿಯೂದಿಲ್ರಿ ಮಾವಾರ."

"ಛಲೋ ಆತು. ತಿಳಿದಾವರು ಕಂಡದ್ದ ಹೇಳೂದಿಲ್ಲ, ತಿಳಿದದ್ದ ಹೇಳತಾರ. ನೀ ಕಂಡದ್ದ ಹೇಳ."

ಎದ್ದು ಹೋದೆ. ಕುರುಡ ಮುದುಕರು ಬಾಗಿಲಲ್ಲಿ ನಿಂತಿರುವಾಗ ಮಲಗಿರಲು ನಾಚಿಕೆಯಾಯಿತು, ಅಷ್ಟೇ.

ಮೊದಲ ಪಂದ್ಯ ಓದಿ ಹೇಳಿದೆ. ನಮ್ಮ ಗೋಲಿ, ಅಂದರೆ ಗೋಲು ಕಾಯುವವನು, ಚೆಂಡನ್ನು ದೂರ ಒದೆಯುತ್ತಾನೆ, ಅದು ಅವರಿಗೆ ಸಿಗುತ್ತದೆ. ಮತ್ತೆ ನಮ್ಮ ಹತ್ತಿರ ಬರುತ್ತದೆ, ಮತ್ತೆ ಒದೆಯುತ್ತಾರೆ, ಮತ್ತೆ ಅವರಿಗೇ. ಮಾವನವರು ಹಲ್ಲು ಕಡಿದರು. "ಗಳಿಸಿದ್ದೆಲ್ಲಾ ಮಂದಿಗೆ ಹಂಚಾಕತ್ತಾರಲ್ಲ! ನಿಂದರಸು. ಎಲ್ಲಾ ಮೊದಲಿಂದ ಮಾಡೂಣು."

ಹಾಗೆ ಶುರುವಾಯಿತು. ಹಿಂದೆ ನಾಲ್ವರು ಬ್ಯಾಕು, ನಡುವೆ ಮೂವರು, ಮುಂದೆ ಮೂವರು. ಗೋಲಿ ಚೆಂಡನ್ನು ದೂರ ಒದೆಯಕೂಡದು, ಪಕ್ಕದ ಬ್ಯಾಕಿಗೇ ಕೊಡಬೇಕು. ಪಾಸುಗಳೆಲ್ಲ ಸಣ್ಣವು. ವೇಗ ಕಡಿಮೆ. ಚೆಂಡು ಕಳೆದುಕೊಂಡ ಕೂಡಲೇ, ಕಳೆದುಕೊಂಡಲ್ಲೇ ಮುತ್ತಿಗೆ ಹಾಕಿ ಕಸಿದುಕೊಳ್ಳಬೇಕು. ಆಟಗಾರರನ್ನು ಆರಿಸಲಿಕ್ಕೆ ಒಬ್ಬೊಬ್ಬರ ಗುಣಕ್ಕೂ ಅದರಲ್ಲಿ ಅಂಕ ಇರುತ್ತವೆ. ನಾನು ಓಟದ ಅಂಕ ಓದಲು ಹೋದರೆ ಬೆರಳೆತ್ತಿ ತಡೆಯುತ್ತಿದ್ದರು. "ಓಟ ಬ್ಯಾಡ. ಪಾಸ್ ಹ್ಯಾಂಗ ಕೊಡತಾನ, ಮೈಮ್ಯಾಲ ಯಾರರೆ ಬಂದ್ರ ಗಾಬರಿ ಆಗತಾನೇನು, ಅದನ್ನ ಓದು." ನಡುವಿನ ಜಾಗಕ್ಕೆ ಅವರು ಆರಿಸಿದ್ದು ಮುಪ್ಪು ಹತ್ತಿದ, ನಿಧಾನ ಕಾಲಿನ ಒಬ್ಬನನ್ನು. ನಮ್ಮ ಮನೆಯವರು ಆತನನ್ನು ಮಾರಲಿಕ್ಕೆ ಇಟ್ಟಿದ್ದರು.

ಚೆಂಡು ಹಿಂದಕ್ಕೆ ಬಂತು ಎಂದು ನಾನು ಓದಿದರೆ ನನ್ನ ದನಿಯಲ್ಲಿ ಬೇಸರ ಕೇಳಿಸುತ್ತಿತ್ತೇನೋ. ಒಮ್ಮೆ ಹೇಳಿದರು: "ಹಿಂದಕ ಕೊಡೂದಂದ್ರ ಹೆದರೂದಲ್ಲ ತಂಗಿ. ಹಿಂದಿನಾಂವಗ ಮೈದಾನೆಲ್ಲಾ ಕಾಣತೈತಿ."

ಅತ್ತೆಗೆ ಚಿಂತೆ ಬೇರೆಯೇ ಇತ್ತು. ಸಕ್ಕರೆ ಇರುವ ಮನುಷ್ಯನ ತೊಡೆಯ ಮೇಲೆ ತಾಸುಗಟ್ಟಲೆ ಹೊತ್ತು ದ್ರಾಕ್ಷಿ. ಎಣಿಸಿ ಕೊಟ್ಟು ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಹತ್ತೇ ಇದ್ದವು.

"ಇನ್ನೊಂದ ಎಲ್ಲಿ ಹೋತ್ರಿ?"

ಮಾವನವರು ಗಂಭೀರವಾಗಿ, "ಅಂವಗ ರೆಡ್ ಕಾರ್ಡ್ ಆತು. ಹೊರಗ ಕಳಿಸ್ಯಾರ" ಎಂದರು. ಬಾಯಿಯಿನ್ನೂ ಆಡುತ್ತಿತ್ತು. ನನಗೆ ನಗು ಬಂತು. ಬಂದ ಮೇಲೆ, ನಕ್ಕೆನಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಅತ್ತೆ ನನ್ನನ್ನೇ ನೋಡಿದರು. ಮರುದಿನದಿಂದ ಎಣಿಸುವುದನ್ನು ಬಿಟ್ಟರು.

ಆದರೆ ಗೆಲುವು ಬರಲಿಲ್ಲ. ಸೋಲು ನಿಂತಿತು, ಅಷ್ಟೇ. ಮೂರರಲ್ಲಿ ಎರಡು ಪಾಲು ಹೊತ್ತು ಚೆಂಡು ನಮ್ಮ ಹತ್ತಿರವೇ ಇರುತ್ತಿತ್ತು, ಗೋಲು ಮಾತ್ರ ಇಲ್ಲ. ಸೊನ್ನೆ-ಸೊನ್ನೆ. ಊಟಕ್ಕೆ ಬಂದ ನಮ್ಮ ಮನೆಯವರು ಮೈಯ ಧೂಳು ಕೊಡವುತ್ತ, "ಅಪ್ಪಾ, ಚೆಂಡ ಇಟಗೊಂಡ ಪೂಜಾ ಮಾಡಾಕತ್ತೀರಿ ಏನ್ರಿ? ಒಮ್ಮೆರೆ ಗೋಲಿನ ಕಡೆ ಒದೀರಿ" ಎಂದು ನಕ್ಕರು.

ಮಾವನವರು ನಗಲಿಲ್ಲ. ಅಂದು ಮಧ್ಯಾಹ್ನ ಪಂದ್ಯ ಆಡಿಸಲಿಲ್ಲ. ಹಳೆಯ ಪಂದ್ಯವನ್ನೇ ಮತ್ತೆ ಹಾಕಿಸಿ, ಚೆಂಡಿನ ಮಾತು ಬಿಟ್ಟು ಉಳಿದವರು ಎಲ್ಲೆಲ್ಲಿ ಇದ್ದಾರೆ ಎಂಬುದನ್ನಷ್ಟೇ ಹೇಳು ಎಂದರು. ಹೇಳುತ್ತ ಹೋದೆ. ಅವರು ದ್ರಾಕ್ಷಿ ಸರಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ತಾಟಿನಲ್ಲಿ ಎಲ್ಲವೂ ಒಂದೇ ಕಡೆ ಗುಡ್ಡೆಯಾಗಿ ಬಿದ್ದಿದ್ದವು. ಅವರು ಗುಡ್ಡೆಯ ಮೇಲೆ ಅಂಗೈ ಇಟ್ಟು ಸವರಿ ನೋಡಿದರು.

"ಎಲ್ಲಾರೂ ಚೆಂಡ ಬೇಡಾಕ ಬಂದಾರ" ಎಂದರು ಕೊನೆಗೆ. "ಬ್ಯಾಡ ಅಂದು ದೂರ ಓಡಾವ ಒಬ್ಬನೂ ಇಲ್ಲ. ಇವರು ಓಡಿದ್ರ ಅಲ್ಲೇನು, ಅವರ ಮಂದಿ ಬೆನ್ನ ಹತ್ತಿ ಹೋಗತಾರ, ಜಾಗಾ ಬಿಡತಾರ."

ನಡುವಿನ ಮೂವರಲ್ಲಿ ಒಬ್ಬ ಎಳೆಯ ಹುಡುಗನಿದ್ದ. ಚೆಂಡಿಗೆ ಕಾಯದೆ, ಪ್ರತಿಸಲವೂ ಎದುರಾಳಿಗಳ ಬೆನ್ನ ಹಿಂದಕ್ಕೆ ಓಡುವ ಕೆಲಸವನ್ನು ಅವನಿಗೆ ಕೊಟ್ಟೆವು. ಮುಂದಿನ ಪಂದ್ಯದ ಒಂದು ಹೊತ್ತು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಗೋಲಿಯಿಂದ ಬ್ಯಾಕಿಗೆ, ಬ್ಯಾಕಿನಿಂದ ನಡುವಿನ ಆ ಮುದುಕನಿಗೆ, ಮತ್ತೆ ಹಿಂದಕ್ಕೆ, ಮತ್ತೆ ಮುದುಕನಿಗೆ. ನಾನು ಒಂದೊಂದೇ ಹೆಸರು ಓದುತ್ತಿದ್ದೆ. ಓದುತ್ತ ಓದುತ್ತ ಸಾಲುಗಳು ನನಗಿಂತ ಮುಂದೆ ಓಡತೊಡಗಿದವು. ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಬಂದೆ, ಕನ್ನಡ ಸಾಲದೆ ನನ್ನ ಅವ್ವನ ಮನೆಯ ಮರಾಠಿಗೆ ಬಂದೆ. ಹುಡುಗ ಓಡಿದ, ಅವನ ಹಿಂದೆ ಇಬ್ಬರು ಹೋದರು, ನಡುವೆ ಬಾಗಿಲು ತೆರೆದಂತೆ ಜಾಗವಾಯಿತು. "ಗೋಲ್!" ಎಂದು ಕೂಗಿದೆ.

ಅತ್ತೆ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದರು. "ಏನಾತು? ಯಾರಿಗೇನಾತು?" ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ನನ್ನ ದನಿ ಗೋಡೆ ದಾಟಿದ್ದು ಅದೇ ಮೊದಲು. ಮಾವನವರು ಮುಖವನ್ನು ಅವರ ಕಡೆ ತಿರುಗಿಸಿ ಮೆಲ್ಲಗೆ, "ಏನಿಲ್ಲ, ನಿನ್ನ ಸೊಸಿ ಗೋಲ್ ಹೊಡದಾಳ" ಎಂದರು.

ಅದಾಗಿ ಕೆಲವು ವಾರ ಗೆದ್ದೆವು. ಆಮೇಲೆ ಒಂದು ಪಂದ್ಯದಲ್ಲಿ ಆ ಎಳೆಯ ಹುಡುಗ ಬಿದ್ದ. ಪಂದ್ಯ ಮುಗಿದ ಮೇಲೆ ವೈದ್ಯರ ವರದಿ ಬಂತು. ಓದತೊಡಗಿದೆ. ಮೊಣಕಾಲಿಗೆ ಪೆಟ್ಟು, ಆಡಲಿಕ್ಕೆ ಆಗುವುದಿಲ್ಲ, ಏಳು ತಿಂಗಳು. ಏಳು ತಿಂಗಳು ಎಂಬಲ್ಲಿಗೆ ನಿಂತುಬಿಟ್ಟೆ. ಮುಂದಿನ ಸಾಲು ಓದಲಾಗಲಿಲ್ಲ.

ಮಾವನವರು ಕಾದರು. ಅವರ ಬೆರಳು ತಾಟಿನ ಅಂಚಿನ ಮೇಲೆ ನಿಂತಿತ್ತು. ಹೊರಗೆ ತೋಟದಲ್ಲಿ ಔಷಧಿ ಹೊಡೆಯುವ ಟ್ರ್ಯಾಕ್ಟರು ಒಂದು ಸಾಲು ಮುಗಿಸಿ ತಿರುಗಿ ಬರುತ್ತಿತ್ತು. ಅದರ ಸದ್ದು ದೂರವಾದ ಮೇಲೆ ಅವರು ಕೇಳಿದರು:

"ತಂಗಿ, ಕೂಸಿಗೆ ಏನರೆ ಹೆಸರ ಇಟ್ಟಿದ್ದಿ ಏನವಾ? ಮನಸಿನ್ಯಾಗ?"

ಇಟ್ಟಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹುಟ್ಟುವ ಮೊದಲೇ ಹೆಸರಿಡಬಾರದು ಎನ್ನುತ್ತಾರೆ, ಹೆಸರಿಟ್ಟದ್ದಕ್ಕೇ ಹೀಗಾಯಿತೋ ಏನೋ ಎಂಬ ಹುಳ ಒಳಗೇ ಕೊರೆಯುತ್ತಿತ್ತು. ಅವರಿಗೆ ಹೇಳಿದೆ, ಹೆಸರನ್ನೂ, ಆ ಹುಳವನ್ನೂ.

ಅವರು ಆ ಹೆಸರನ್ನು ಒಂದು ಸಲ ನಿಧಾನವಾಗಿ ಉಚ್ಚರಿಸಿದರು. "ಛಲೋ ಹೆಸರ ಐತಿ. ಹೆಸರಿಂದ ಯಾವ ಕೂಸೂ ಹೋಗೂದಿಲ್ಲ. ನಮ್ಮ ಮೊಮ್ಮಗಳ ಬರೇ ಕೈಲೆ ಹೋಗಲಿಲ್ಲ, ಹೆಸರ ತಗೊಂಡ ಹೋದಳು. ಅಳೂದಿದ್ರ ಅಳವಾ, ನನಗೇನ ಕಾಣತೈತಿ?"

ಅತ್ತುಬಿಟ್ಟೆ. ಬಹಳ ಹೊತ್ತು ಅಳುತ್ತಲೇ ಇದ್ದೆ. ಮಾವನವರು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ, "ಆ ಹುಡುಗನ್ನ ಮಾರೂದು ಬ್ಯಾಡ. ತಂಡದಾಗ ಇರಲಿ. ಅಂವಾ ಬರೂತನಕ ಬ್ಯಾರೇದವರು ಓಡತಾರ" ಎಂದರು.

ಆ ವರ್ಷ ನಾವು ಮೂರನೆಯವರಾದೆವು. ಮೇಲಿನ ದರ್ಜೆಗೆ ಹೋಗಲಿಕ್ಕೆ ಅದು ಸಾಲದು. ಮಾವನವರಿಗೆ ಅದರ ದುಃಖವೇನೂ ಇರಲಿಲ್ಲ, ಮರುದಿನವೇ ಹೊಸ ಸರಣಿಗೆ ಕೂತರು.

ಮುಂದೆ ಅವರ ಮೂತ್ರಪಿಂಡಗಳೂ ಸೋತವು. ವಾರಕ್ಕೆ ಎರಡು ಸಲ ಮಿರಜಿಗೆ ಡಯಾಲಿಸಿಸ್. ಯಂತ್ರಕ್ಕೆ ಕೈ ಕೊಟ್ಟು ಗಂಟೆಗಟ್ಟಲೆ ಮಲಗಿರಬೇಕು. ಲ್ಯಾಪ್‌ಟಾಪು ಹೊತ್ತು ನಾನೂ ಹೋಗುತ್ತಿದ್ದೆ. ಮೆಲುದನಿಯಲ್ಲಿ ಓದುತ್ತಿದ್ದರೂ ಎದುರಿನ ಹಾಸಿಗೆಯ ಜಯಸಿಂಗಪುರದ ಅಜ್ಜ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಎಲ್ಲಾದರೂ ತಡೆದರೆ, "ಕಾಯ್ ಝಾಲಂ? ಪುಢೇ ಸಾಂಗ್" ಎನ್ನುತ್ತಿದ್ದರು. ಮುಂದೇನಾಯಿತು ಹೇಳು ಎಂದು. ಕೊನೆಕೊನೆಗೆ ನರ್ಸಮ್ಮನೂ ಸೂಜಿ ಹಾಕುವಾಗ, ಇವತ್ತು ಯಾರ ಜೊತೆ ಪಂದ್ಯ ಎಂದು ಕೇಳುವಳು. ಆ ಕೋಣೆಯಲ್ಲಿ ಮಲಗಿದವರೆಲ್ಲ ನಮ್ಮ ತಂಡದವರಾಗಿದ್ದರು.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಮಾವನವರು ಚಹಾ ಕುಡಿದು, ಬಿಸಿಲಿಗೆ ಕುರ್ಚಿ ಹಾಕು ಎಂದವರು ಕುರ್ಚಿ ಬರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು.

ಮೂರನೆಯ ದಿನ ಕೊಲ್ಹಾಪುರದಿಂದ ಮೂವರು ಮುದುಕರು ಬಂದರು, ತಾಲೀಮಿನ ತಂಡದಲ್ಲಿ ಅವರ ಜೊತೆ ಆಡಿದವರು. ಮೆಟ್ಟಿಲು ಹತ್ತಲಿಕ್ಕೆ ಮೂವರಿಗೂ ಮೊಣಕಾಲು ನೋವು. ಮಾತಿಗೆ ಮಾತು ಬಂದು, ನಾವು ಕಟ್ಟಿದ ಆಟದ ಬಗ್ಗೆ ಹೇಳಿದೆ. ಸಣ್ಣ ಪಾಸು, ತಾಳ್ಮೆ, ಚೆಂಡು ಬಿಟ್ಟುಕೊಡಬಾರದು ಎಂದೆಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲಿ ಎತ್ತರದವರು ಮರಾಠಿ ಬೆರೆಸಿದ ಕನ್ನಡದಲ್ಲಿ, "ಪಾಸ್? ಅಂವಾ? ಆರು ವರ್ಷ ಅವನ ಜೋಡಿ ಆಡೇನಿ ಮಗಳ. ಚೆಂಡ ಸಿಕ್ಕಿತಂದ್ರ ತಲಿ ಎತ್ತತಿದ್ದಿಲ್ಲ, ನೇರ ಗೋಲಿಗೆ ಹೊಡೀತಿದ್ದ. ನಾ ಎಡಗಡೆ ಗೆರಿ ಹತ್ತರ ಕೈ ಎತ್ತಿ ಎತ್ತಿ ಒದರೇ ಒದರತಿದ್ದೆ" ಎಂದರು. ಮೂವರೂ ನಕ್ಕರು. ಸೆರಗು ಬಾಯಿಗಿಟ್ಟುಕೊಂಡಿದ್ದ ಅತ್ತೆಯೂ ನಕ್ಕುಬಿಟ್ಟರು.

ನೋಡಬೇಕು ಎಂದರು. ಲ್ಯಾಪ್‌ಟಾಪು ತಂದು ನಮ್ಮ ಕೊನೆಯ ಪಂದ್ಯ ಹಚ್ಚಿದೆ. ಮೂವರೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಚೆಂಡು ಹಿಂದಿನಿಂದ ಬಂತು, ನಡುವೆ ಸುತ್ತಿತು, ಎಡಗಡೆಯ ಗೆರೆಯ ಹತ್ತಿರ ಒಂಟಿಯಾಗಿ ನಿಂತಿದ್ದ ಚುಕ್ಕೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅವನಿಗೇ ಹೋಯಿತು. ಎತ್ತರದ ಮುದುಕರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಅವರು ಊಟ ಮಾಡಿ ಹೋದ ಮೇಲೆ ಅತ್ತೆ ಪಡಸಾಲೆಯಲ್ಲಿ ನನ್ನ ಪಕ್ಕ ಬಂದು ಕೂತರು.

"ನನ್ನ ಜೋಡಿ ಜಲ್ಮದಾಗ ಅಷ್ಟ ಮಾತಾಡಿಲ್ಲ ಅವರು. ಕಣ್ಣ ಹೋದ ಮ್ಯಾಲ ಒಮ್ಮೆಲೇ ಸುಮ್ಮ ಆದ್ರು, ಇನ್ನ ಇವರ ಬಾಯಿ ತೆರೆಯೂದಿಲ್ಲ ಅಂತ ಮಾಡಿದ್ದೆ. ಆಮ್ಯಾಲ ದಿನಾ ಮಧ್ಯಾಹ್ನ ನಿಮ್ಮಿಬ್ಬರ ದನಿ ಅಡಗಿಮನಿಗೆ ಬರತಿತ್ತು. ಏನ ಹೇಳತಿದ್ರು ಅವರು? ನನಗೂ ಹೇಳ."

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದೆ.

"ನಿನಗ ಏನ ಕಂಡೈತಿ, ಅದನ್ನ ಹೇಳ" ಎಂದರು ಅತ್ತೆ, ಗಂಡನ ಮಾತನ್ನೇ ಆಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಕಾಣದವರಿಗೆ ಕಂಡದ್ದನ್ನು ಹೇಳುವುದನ್ನು ನನಗೆ ಕಲಿಸಿದವರು ಮಾವನವರು. ಆ ದಿನ ಸಂಜೆಯ ತನಕ ಹೇಳಿದೆ. ಮಗುವಿನ ಹೆಸರನ್ನೂ ಹೇಳಿದೆ.