ತಟ್ಟೆ ತಳ್ಳಿದ ಹುಡುಗಿಯ ಕೇಸು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬನ್ನೂರಿನ ಜಯಮ್ಮ (ನಿಜ ಹೆಸರಲ್ಲ) ಫೋನ್ ಮಾಡಿ, “ಲಾಯರಮ್ಮ, ಈ ಮಗೀನ್ ವಿಷ್ಯ ಇವತ್ತೇ ತೀರ್ಮಾನ ಆಗ್ಬೇಕು, ಬನ್ನಿ” ಎಂದಾಗ ಕೈಲಿದ್ದ ಕೆಲಸ ಬಿಟ್ಟು ಬಸ್ಸು ಹತ್ತಿದೆ.

ನಾನು ನಂಜನಗೂಡಿನಲ್ಲಿ ಆಸ್ತಿ ಪಾಲಿನ ಕೇಸು ನಡೆಸುವವಳು. ಕಳೆದ ವರ್ಷ ಒಂದು ಕೇಸಿನಲ್ಲಿ ತೆಂಗಿನ ಮರಕ್ಕೂ ಪಾಲು ಕೇಳಿದ ಅಣ್ಣತಮ್ಮಂದಿರು, ತೀರಿಹೋದ ತಂಗಿಯ ಎಂಟು ವರ್ಷದ ಮಗಳನ್ನು ಮಾತ್ರ ಬೇಡವೆಂದರು. ಅವಳಿಗೊಂದು ಸಾಕುಮನೆ ಸಿಗಲೆಂದು ಓಡಾಡಿದವಳು, ಆಮೇಲೆ ಅಂಥ ಮಕ್ಕಳಿಗಾಗಿ ಫೀಸಿಲ್ಲದೆ ಓಡಾಡುತ್ತಲೇ ಇದ್ದೇನೆ. ಆ ಹುಡುಗಿಯ ಸಾಕುತಾಯಿಯೇ ಜಯಮ್ಮ.

ಬಸ್ಸಿಳಿದು ಹೋದರೆ ಜಗಲಿಯಲ್ಲೇ ದೂರು ಶುರುವಾಯಿತು. “ಯೋಳಿದ್ ಮಾತ್ ಕೇಳಾಕಿಲ್ಲ. ಸಾರು ಚೆಂದಾಗಿಲ್ಲ ಅಂತ ತಟ್ಟೆ ತಳ್ತಾಳೆ!”

“ಹಾಗಾದ್ರೆ ವಾಪಸ್ ಕಳಿಸ್ತೀರಾ?” ಎಂದು ಅಳುಕುತ್ತಲೇ ಕೇಳಿದೆ.

ಜಯಮ್ಮ ಕೆರಳಿದರು. “ಯಾಕ್ ಕಳಿಸ್ಲಿ? ಬಂದಾಗ ಎದ್ರಿ ಎದ್ರಿ ಎಲ್ಲಾಕೂ ಊಂ ಅಂತಿದ್ಲು. ಈಗ ನನ್ ಕೂಡೇ ಜಗಳ ಆಡ್ತಾವ್ಳೆ. ನಮ್ಮನೆ ಮಗಳೇ ಆಗೋದ್ಲು ಕಣವ್ವ! ಸಾಕಾಕೆ ಕೊಟ್ಟಿದ್ ಒಂದ್ ವರ್ಸ ಇವತ್ತಿಗ್ ಮುಗೀತದೆ, ಇನ್ಮೇಲೂ ಇಲ್ಲೇ ಇರ್ಲಿ ಅಂತ ಅರ್ಜಿ ಬರ್ಕೊಡಿ.”

ಒಳಗಿನಿಂದ ಹುಡುಗಿ ಕೂಗಿದಳು: “ಸಾರಿಗೆ ಉಪ್ಪು ಹಾಕ್ಬೇಕು ಅಂತ್ಲೂ ಬರೀರಿ ಆಂಟಿ!”

ನಗುತ್ತಲೇ ಅಲ್ಲೇ ಕೂತು ಅರ್ಜಿ ಬರೆದೆ, ಉಂಡೂ ಬಂದೆ. ಸಾರು ಸಪ್ಪೆಯಿದ್ದದ್ದು ನಿಜ. ಆದರೆ ಅದನ್ನು ಅರ್ಜಿಯಲ್ಲಿ ಸೇರಿಸುವ ಧೈರ್ಯ ಈ ವಕೀಲೆಗೆ ಬರಲಿಲ್ಲ.