ಝುಬಿಯನ್ನು ಎಬ್ಬಿಸಲಿಕ್ಕೆ ಆಗಲಿಲ್ಲ

ನಂಬ್ಲಿಕ್ಕೇ ಆಗ್ತಾ ಇಲ್ಲ...

ಬೆಳಿಗ್ಗೆ ದೋಸೆ ಹೊಯ್ಯುತ್ತಾ ಇದ್ದೆ. ಝುಬಿಯ ಅಣ್ಣ ರಫೀಕ್ ಫೋನ್ ಮಾಡಿದ್ರು.
"ವನಿತಾ... ನಮ್ಮ ಝುಬಿ ಹೋದ್ಲು."
ನಾನು ಕೇಳಿದೆ, "ಎಲ್ಲಿಗೆ? ಇವತ್ತು ಡಯಾಲಿಸಿಸ್ ಇಲ್ವಲ್ಲ?"
ಕಾವಲಿಯಲ್ಲಿ ದೋಸೆ ಕರಟಿ ಹೊಗೆ ಎದ್ದ ಮೇಲೆ ನನಗೆ ಅರ್ಥ ಆದದ್ದು.

ನಿಮ್ಮಲ್ಲಿ ಹೆಚ್ಚಿನವರಿಗೆ ಅವಳು ಗೊತ್ತಿಲ್ಲ.
ಝುಬೈದಾ. ನಮಗೆಲ್ಲ ಝುಬಿ.
ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವಲ್ಲಿಂದ ಸ್ವಲ್ಪ ಹಿಂದೆ ಸಾಲಾಗಿ ಬಾಡಿಗೆ ಮನೆಗಳಿದ್ದವು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.
ತೊಂಬತ್ತರ ದಶಕ. ಅಲ್ಲಿ ಯಾರ ಮನೆಯಲ್ಲೂ ಫೋನ್ ಇರಲಿಲ್ಲ.
ಅವಳ ಬಾಪ ದುಬೈಯಲ್ಲಿ. ಊರಿಗೆ ಹೋಗುವವರು ಬರುವವರು ಯಾರಾದರೂ ಸಿಕ್ಕಿದರೆ ಕ್ಯಾಸೆಟ್ ಕಳಿಸುವುದು... ಮಾತಾಡಿ ರೆಕಾರ್ಡ್ ಮಾಡಿದ ಕ್ಯಾಸೆಟ್.

ಆ ರೆಕಾರ್ಡಿಂಗ್ ದಿನ ನೋಡ್ಬೇಕಿತ್ತು ನೀವು.
ಬಟನ್ ಒತ್ತಿದ ಕೂಡಲೇ ಅವಳ ಉಮ್ಮ ಐಸಮ್ಮನಿಗೆ ಅಳು. ರಫೀಕ್ ನಾಚಿ ಹೊರಗೆ ಓಟ.
ಮತ್ತೆ ಪೂರಾ ಝುಬಿಯದ್ದೇ.
ಟೇಪ್ ರೆಕಾರ್ಡರ್ ಎತ್ತಿಕೊಂಡು ಅಂಗಳಕ್ಕೆ ಬರ್ತಿದ್ಳು.
"ಬಾಪ, ಇದು ಕೇಳಿ, ಮೀನಿನವ ಬಂದ. ಬಂಗುಡೆ ಉಂಟಂತೆ... ಇದು ಕೇಳಿ, ವೇಣೂರು ಬಸ್ಸಿನ ಕಂಡಕ್ಟರ್ ಬೊಬ್ಬೆ ಹೊಡೀತಾ ಇದ್ದಾನೆ... ಇದು ವನಿತಾ, ಹಾಡು ಹೇಳ್ತಾಳಂತೆ."
ಹಾಡ್ತೇನೆ ಅಂತ ನಾನು ಹೇಳಿಯೇ ಇರಲಿಲ್ಲ!
ಮುಂದಿನ ಕ್ಯಾಸೆಟ್‌ನಲ್ಲಿ ಅವಳ ಬಾಪ ನನಗೂ ಎರಡು ಮಾತು ಹೇಳಿದ್ರು. "ವನಿತಾ, ಅವಳೊಟ್ಟಿಗೆ ಸೇರಿ ನೀನು ಹಾಳಾಗ್ಬೇಡ ಮಗಾ. ನೀನಾದ್ರೂ ಓದು."
ಅದನ್ನು ಮತ್ತೆ ಮತ್ತೆ ತಿರುಗಿಸಿ ಹಾಕಿ ನಗ್ತಿದ್ಳು...

ಅವಳು ಮೊದಲ ಸಲ ಉಪವಾಸ ಹಿಡಿದ ವರ್ಷ ನಾನೂ ಶಾಲೆಯಲ್ಲಿ ನೀರು ಕುಡಿಯದೆ ಕೂತಿದ್ದೆ, ಜೊತೆಗೆ ಅಂತ.
"ನೀನು ಕುಡಿ ಮಾರಾಯ್ತಿ. ನಿನ್ನ ಲೆಕ್ಕ ನಮ್ಮಲ್ಲಿ ಬರೆಯುವುದಿಲ್ಲ" ಅಂದ್ಳು.

ಪಿಯುಸಿಗೆ ಇಬ್ಬರೂ ಮೂಡಬಿದ್ರೆಗೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕೊಡೆ ತೂರಿಸಿ ಸೀಟು ಹಿಡಿಯುವುದು ಅವಳ ಕೆಲಸ. ಹಿಡಿದ ಸೀಟಿನಲ್ಲಿ ಯಾರಾದರೂ ಅಜ್ಜಿಯನ್ನು ಕೂರಿಸಿ, ವೇಣೂರು ದಾಟುವವರೆಗೆ ನನ್ನನ್ನೂ ನಿಲ್ಲಿಸುವುದೂ ಅವಳದ್ದೇ ಕೆಲಸ.

ಆಮೇಲೆ ಅವಳಿಗೆ ಬಂಟ್ವಾಳಕ್ಕೆ ಮದುವೆ ಆಯ್ತು. ನನಗೆ ಮೂಡಬಿದ್ರೆಗೇ.
ಎಸ್‌ಟಿಡಿ ಬೂತ್ ಹೋಗಿ ಮೊಬೈಲ್ ಬಂತು. ನಮ್ಮ ಮಾತು ಮಾತ್ರ ನಿಲ್ಲಲಿಲ್ಲ...

ಝುಬಿ...
ಕಿಡ್ನಿ ಎರಡೂ ಹೋಗಿದೆ ಅಂತ ನೀನು ಫೋನಿನಲ್ಲಿ ಹೇಳಿದ್ದು, ಅಕ್ಕಿ ಮುಗಿದಿದೆ ಅಂತ ಹೇಳುವ ಹಾಗೆ ಇತ್ತಲ್ಲ ಮಾರಾಯ್ತಿ.
ನಾನು ಕೊಡ್ತೇನೆ ಅಂತ ಬಂದೆ. ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿ ಬಂದೆ.
ಬ್ಲಡ್ ಗ್ರೂಪೇ ಮ್ಯಾಚ್ ಆಗ್ಲಿಲ್ಲ.
ನಿನ್ನ ಅಣ್ಣನದ್ದು ಆಗ್ತಿತ್ತು. ಅವರಿಗೆ ಶುಗರ್ ಅಂತ ಡಾಕ್ಟ್ರು ಬೇಡ ಅಂದ್ರು.
ಒಂದೇ ಬಾವಿಯ ನೀರು ಕುಡಿದು ಬೆಳೆದವರು ನಾವು... ರಕ್ತ ಹೇಗೆ ಬೇರೆ ಆಯ್ತು ಅಂತ ಮಂಗಳೂರಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾನು ಅತ್ತೆ.
ನೀನು ಸಮಾಧಾನ ಮಾಡಿದ್ದು ನನ್ನನ್ನು!
"ಒಳ್ಳೆದೇ ಆಯ್ತು ಬಿಡು. ನಿನ್ನ ಕಿಡ್ನಿ ಹಾಕಿದ್ರೆ ನಾನೂ ನಿನ್ನ ಹಾಗೆ ಸಣ್ಣದಕ್ಕೆಲ್ಲ ಅಳ್ತಾ ಕೂರ್ತಿದ್ದೆ."

ಬೇರೆ ಕಿಡ್ನಿಗೆ ಹೆಸರು ಬರೆಸಿ ಕಾಯುವ ಅಂದ್ರು. ಕಾದೆವು...
ಸೆಕೆಗಾಲದಲ್ಲಿ ನಿನಗೆ ನೀರು ಅಳತೆಯಲ್ಲೇ ಕುಡಿಯಬೇಕಿತ್ತು. ನಿನ್ನ ಮುಂದೆ ನನ್ನ ಬಾಟ್ಲಿ ತೆಗೀಲಿಕ್ಕೆ ಮನಸ್ಸೇ ಬರ್ತಿರಲಿಲ್ಲ. "ಕುಡಿ ಮಾರಾಯ್ತಿ, ನಾನು ನೋಡ್ತೇನೆ" ಅಂತಿದ್ದಿ.
ನನಗೆ ಮಾಡ್ಲಿಕ್ಕೆ ಇದ್ದದ್ದು ಇಷ್ಟೇ. ಪಕ್ಕದಲ್ಲಿ ಕೂರುವುದು... ಕಾಲು ಒತ್ತುವುದು... ಮನೆಗೆ ಬರುವುದು.

ಇವತ್ತು ಸಿದ್ಧಕಟ್ಟೆ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದೆ.
ಒಳಗಿನ ಕೋಣೆಯಲ್ಲಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮುಖ ಮಾತ್ರ ಕಾಣ್ತಿತ್ತು.
ಐಸಮ್ಮ ನನ್ನ ಕೈ ಹಿಡಿದು ಎಳೆದ್ರು.
"ವನಿತಾ ಬಂದ್ಯಾ... ನೀನು ಎಬ್ಬಿಸು ಮಗಾ. ಶಾಲೆಗೆ ಹೊತ್ತಾಯ್ತು ಅಂತ ನೀನೇ ಅಲ್ವಾ ಎಬ್ಬಿಸ್ತಿದ್ದದ್ದು? ನಾನು ಕರೆದ್ರೆ ಏಳ್ತಿರಲಿಲ್ಲ ಅವಳು. ನೀನು ಕರೆದ್ರೆ ಏಳ್ತಾಳೆ."

ಕರೆದೆ.
ಆ ತಾಯಿಗೋಸ್ಕರ, ಒಂದು ಸಲ, ಜೋರಾಗಿಯೇ ಕರೆದೆ.
ಕೋಣೆಯಲ್ಲಿದ್ದ ಹೆಂಗಸರೆಲ್ಲ ಅತ್ತರು...

ಗಂಡಸರು ಎತ್ತಿಕೊಂಡು ಮಸೀದಿ ಕಡೆ ಹೋದರು. ನಾವು ಹೆಂಗಸರು ಬಾಗಿಲಲ್ಲೇ ಉಳಿದೆವು. ಗೇಟಿನ ಆಚೆ ಹೋಗುವ ಹಾಗಿರಲಿಲ್ಲ.

ಆಗ ಅವಳ ಮಗಳು ಸಫಾ ಬಂದು ಪಕ್ಕದಲ್ಲಿ ಕೂತ್ಳು. ಈ ವರ್ಷ ಎಸ್ಸೆಸ್ಸೆಲ್ಸಿ.
"ಆಂಟಿ... ಉಮ್ಮ ನನ್ನಷ್ಟಿರುವಾಗ ಹೇಗಿದ್ರು? ನಿಮಗೆ ಸರಿ ಗೊತ್ತುಂಟಲ್ಲ."
ಅವಳ ತಲೆ ಸವರಿ ಎದ್ದು ಬಂದೆ.
ಅದಕ್ಕೇ ಇದನ್ನು ಬರೆಯುತ್ತಿರುವುದು. ಸಫಾ, ನಿನ್ನ ಉಮ್ಮ ಹೀಗಿದ್ಳು ಮಗಾ. ಇದಕ್ಕಿಂತ ತುಂಬಾ ತುಂಬಾ ಇದ್ಳು. ನನಗೆ ಸರಿ ಹೇಳ್ಲಿಕ್ಕೆ ಬರುವುದಿಲ್ಲ...

ಅವಳನ್ನು ಮಣ್ಣು ಮಾಡಿದ ಖಬರು ವಿಶಾಲ ಆಗಲಿ, ಬೆಳಕು ತುಂಬಲಿ ಅಂತ ಬೇಡಿಕೊಳ್ಳಬೇಕಂತೆ. ಐಸಮ್ಮ ಹೇಳಿಕೊಟ್ಟರು.
ಹಾಗೇ ಆಗಲಿ.
ನೋವಿಲ್ಲದೆ ಮಲಗು ಝುಬಿ...
ಇನ್ನು ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ.